ಹಾಳೆಯ ಮೇಲಿದ್ದ ಒಂಬತ್ತು ಕಂಬ

ನಮ್ಮ ಸಿಮೆಂಟ್ ಕಾರ್ಖಾನೆ ಚೆಂದ ಅಂತ ಯಾರ ಬಾಯಲ್ಲೂ ನಾನು ಕೇಳಿದ್ದಿಲ್ಲ. ಗೋಡೆ ಬೂದಿ, ತಗಡು ಬೂದಿ, ಸುತ್ತಲಿನ ಮರದ ಎಲೆಯೂ ಬೂದಿ. ಅಕ್ಕ ಬಟ್ಟೆ ಒಣಹಾಕುವ ಮುಂಚೆ ಹೊರಗೆ ಬಂದು, ಹೊಗೆ ಯಾವ ಕಡೆ ತಲೆ ಹಾಕಿದೆ ಅಂತ ನೋಡಿ, ನಮ್ಮ ಕಡೆಗಿದ್ದರೆ ಬಕೆಟ್ಟನ್ನು ಹಾಗೇ ಒಳಗೆ ಒಯ್ಯುತ್ತಿದ್ದಳು. ಭಾವ ಕೆಲಸ ಮುಗಿಸಿ ಬಂದರೆ, ಹುಬ್ಬು ತೊಳೆದ ಮೇಲೆಯೇ ಅವರ ವಯಸ್ಸು ಗೊತ್ತಾಗುತ್ತಿದ್ದದ್ದು.

ನನಗೆ ಮಾತ್ರ ಅದು ಚೆಂದ ಕಂಡಿತ್ತು, ಹಾಳೆಯ ಮೇಲೆ. ಅಲ್ಲಿಯ ನಕ್ಷೆ ಕೋಣೆಯಲ್ಲಿ ನಾನು ಹದಿನೇಳು ವರ್ಷದಿಂದ ಗೆರೆ ಎಳೆಯುತ್ತಿದ್ದವಳು. ಕೆಳಗೆ ನಿಂತು ಕತ್ತು ಎತ್ತಿದರೆ ಚಿಮಣಿ ಬರೀ ಹೆದರಿಕೆ. ಹಾಳೆಯ ಮೇಲೆ ಅದರ ಎರಡು ಬದಿಯ ಗೆರೆಗಳು ಅವಸರವಿಲ್ಲದೆ ಒಂದನ್ನೊಂದು ಹತ್ತಿರ ಕರೆಯುತ್ತಾ ಮೇಲೆ ಹೋಗುತ್ತವೆ. ಸುಣ್ಣಕಲ್ಲು ಸುಡುವ ಉದ್ದನೆಯ ಕೊಳವೆ ಮಲಗಿದೆ ಅನ್ನಿಸಿದರೂ ಮಲಗಿರುವುದಿಲ್ಲ, ನೂರಕ್ಕೆ ಮೂರೂವರೆಯಷ್ಟು ಇಳಿಜಾರು. ಆ ಮೂರೂವರೆಯನ್ನು ಸರಿಯಾಗಿ ಎಳೆದರೆ ಇಡೀ ಹಾಳೆಗೆ ಉಸಿರು ಬರುತ್ತದೆ. ತಪ್ಪಿದರೆ ಹೆಣ.

"ನಿನ್ನ ನೋಡೋಕೆ ಬಂದ ಗಂಡಿನ ಕಡೆಯೋರಿಗೂ ನೀನು ಚಿಮಣಿ ವಿಷಯಾನೇ ಹೇಳಿದ್ದೆ ಕಣೇ," ಅಂತ ಅಕ್ಕ ಈಗಲೂ ಆಡಿಕೊಳ್ಳುತ್ತಾಳೆ. "ಅದಕ್ಕೇ ಇಲ್ಲೇ ಉಳ್ಕೊಂಡೆ ನಮ್ಮ ತಲೆ ಮೇಲೆ."

ನಾನು ಉಳಿದದ್ದು ಅಕ್ಕ-ಭಾವನ ಮನೆಯ ಮುಂದಿನ ಕೋಣೆಯಲ್ಲಿ. ಭಾವನೂ ಅದೇ ಕಾರ್ಖಾನೆ. ಕಲ್ಲು ಪುಡಿ ಮಾಡುವ ಶೆಡ್ಡಿನಿಂದ, ಆ ಪುಡಿ ತುಂಬಿಡುವ ಎತ್ತರದ ಸೈಲೋದವರೆಗೆ ಓರೆಯಾಗಿ ಏರುವ ಬೆಲ್ಟ್ ಸೇತುವೆಯಿದೆ. ಅದರ ಉರುಳೆಗಳಿಗೆ ಗ್ರೀಸ್ ಹಾಕುತ್ತಾ ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುವುದು ಅವರ ಕೆಲಸ.

ಕಾರ್ಖಾನೆಗೆ ಐವತ್ತು ತುಂಬಿದ ವರ್ಷ ಮ್ಯಾನೇಜರಿಗೆ ಒಂದು ಆಸೆ ಹುಟ್ಟಿತು. ಇಡೀ ಕಾರ್ಖಾನೆಯ ಪಕ್ಕನೋಟ ಒಂದೇ ಹಾಳೆಯಲ್ಲಿ ಬರಬೇಕು, ಅದನ್ನು ಕಟ್ಟು ಹಾಕಿಸಿ ಮೀಟಿಂಗ್ ಹಾಲಿನಲ್ಲಿ ತೂಗುಹಾಕಬೇಕು. ಕೆಲಸ ನನ್ನ ಮೇಜಿಗೆ ಬಂತು.

ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ನರಿಗೆ ಎಲ್ಲರೂ ಇಟ್ಟ ಹೆಸರು ಅರೆಮಿಲ್ಲಿ. ಅರ್ಧ ಮಿಲಿಮೀಟರು ಅತ್ತಿತ್ತ ಆದರೂ ಹಾಳೆ ವಾಪಸು. ಅವರ ಕೋಣೆಯಲ್ಲಿ ಒಂದು ಕಟ್ಟಳೆ ಇತ್ತು. ಹಳೆಯ ನಕ್ಷೆ ನೋಡಿ ಹೊಸದು ಬರೆಯಬಾರದು. ಪೆನ್ಸಿಲಿನಲ್ಲಿ ಬರೆದದ್ದನ್ನು ಸುರುಳಿ ಸುತ್ತಿಕೊಂಡು ಹೋಗಿ, ಪ್ರತಿ ಗೆರೆಯ ಜಾಗದಲ್ಲಿ ನಿಂತು, ಇದೆ ಅಂತ ಖಾತ್ರಿಯಾದ ಮೇಲೆಯೇ ಇಂಕು. "ಕಾಲಲ್ಲಿ ಓದಿ ಬಾಮ್ಮ," ಅನ್ನುತ್ತಿದ್ದರು. "ಕಾರ್ಖಾನೆ ಹೇಗಿರಬೇಕಿತ್ತು ಅಂತ ಕೇಳಿಲ್ಲ ನಿನ್ನ. ಹೇಗಿದೆ ಅಂತ ಬರಿ."

ನಾನು ಹನ್ನೊಂದು ದಿನ ಕಾಲಲ್ಲಿ ಓದಿದೆ. ಬೆಲ್ಟ್ ಸೇತುವೆಯನ್ನೂ ಹತ್ತಿದೆ. ಅಲ್ಲಿ, ಮುಕ್ಕಾಲು ದಾರಿಯಲ್ಲಿ, ರೇಲಿಂಗ್ ಇರಲಿಲ್ಲ. ಹೋದ ವರ್ಷ ದೊಡ್ಡ ಗೇರ್‌ಬಾಕ್ಸನ್ನು ಕ್ರೇನಿನಲ್ಲಿ ಮೇಲೆತ್ತಲು ಅಡ್ಡ ಬಂತು ಅಂತ ಒಂಬತ್ತು ಕಂಬ ಗ್ಯಾಸಿನಲ್ಲಿ ಕತ್ತರಿಸಿದ್ದರು. ಗೇರ್‌ಬಾಕ್ಸ್ ಕೂತಿತು, ಕಂಬ ವಾಪಸು ಬರಲಿಲ್ಲ. ಬದಲಿಗೆ ಒಂದು ನೈಲಾನ್ ಹಗ್ಗ ಕಟ್ಟಿದ್ದರು. ಹಗ್ಗದ ನಡುಭಾಗ ಮೊಣಕಾಲಿನವರೆಗೆ ಜೋತು ಬಿದ್ದಿತ್ತು.

ನಾನು ಪೆನ್ಸಿಲ್ ಹಾಳೆಯಲ್ಲಿ ಆ ಜಾಗವನ್ನು ಖಾಲಿ ಬಿಟ್ಟುಕೊಂಡೇ ಬಂದೆ. ಮೇಜಿನ ಮೇಲೆ ಹರಡಿ ನೋಡಿದೆ. ಎಂಬತ್ತು ಮೀಟರಿನ ಸೇತುವೆ, ಹಾಳೆಯ ಮೇಲೆ ನಲವತ್ತು ಸೆಂಟಿಮೀಟರು, ಅಷ್ಟುದ್ದಕ್ಕೂ ಐದೈದು ಮಿಲಿಮೀಟರಿಗೆ ಒಂದೊಂದು ಕಂಬ, ಅಂಗಿಯ ಅಂಚಿಗೆ ಹಾಕಿದ ಸಣ್ಣ ಹೊಲಿಗೆಯ ಹಾಗೆ. ನಡುವೆ ಹೊಲಿಗೆ ಬಿಟ್ಟ ಜಾಗ. ಕಣ್ಣು ಎಲ್ಲಿ ಹೊರಟರೂ ಅಲ್ಲಿಗೇ ಬಂದು ಎಡವುತ್ತಿತ್ತು. ಚಿಮಣಿಯನ್ನು ನೋಡು ಅಂದರೆ ಹಲ್ಲು ಬಿದ್ದ ಬಾಯಿ ನೋಡುತ್ತಿತ್ತು.

ಹೇಗೂ ಹಾಕುತ್ತಾರೆ, ಕಂಬಗಳು ಕೆಳಗೇ ಬಿದ್ದಿವೆ, ಇವತ್ತಲ್ಲ ನಾಳೆ ಬೆಸುಗೆ ಹಾಕುತ್ತಾರೆ. ಹೀಗೆ ನನಗೆ ನಾನೇ ಹೇಳಿಕೊಂಡು ತೆಳು ಪೆನ್ನಿನಲ್ಲಿ ಒಂಬತ್ತು ಕಂಬ ನಿಲ್ಲಿಸಿದೆ. ಒಂದು ನಿಮಿಷದ ಕೆಲಸ. ಹಾಳೆ ತುಂಬಿ ಬಂತು. ಕೆಳಗಿನ ಮೂಲೆಯ ಚೌಕದಲ್ಲಿ ತಿಂಗಳ ಐದನೇ ತಾರೀಖು ಹಾಕಿ ಸಹಿ ಮಾಡಿದೆ.

ಅರೆಮಿಲ್ಲಿಯವರು ಭೂತಕನ್ನಡಿ ಹಿಡಿದು ಅರ್ಧ ದಿನ ನೋಡಿದರು. ಹದಿನೇಳು ವರ್ಷದಲ್ಲಿ ಮೊದಲ ಸಲ ಹಾಳೆ ವಾಪಸು ಬರಲಿಲ್ಲ. "ಕೊಳವೆಯ ಇಳಿಜಾರು ನೋಡು, ಎಷ್ಟು ಚೆನ್ನಾಗಿ ಬಂದಿದೆ!" ಅಂದು, ಪರಿಶೀಲಿಸಿದವರು ಅನ್ನುವ ಜಾಗದಲ್ಲಿ ಸಹಿ ಹಾಕಿದರು. ಕಾಲಲ್ಲಿ ಓದಿದೆಯಾ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮನೆಗೆ ಒಂದು ಪ್ರಿಂಟ್ ತಂದೆ. ಅಕ್ಕ ಒರೆಸುವ ಬಟ್ಟೆ ಹಿಡಿದುಕೊಂಡೇ ಬಂದು ನೋಡಿ, "ಧೂಳೊಂದು ಬಿಟ್ಟು ಎಲ್ಲ ಬರೆದಿದ್ದೀಯ," ಅಂದಳು. ಭಾವ ನೆಲದ ಮೇಲೆ ಹಾಳೆ ಹರಡಿಕೊಂಡು ಮಂಡಿ ಊರಿ ಕೂತರು. ಗ್ರೀಸ್ ಮೆತ್ತಿದ ಬೆರಳನ್ನು ಹಾಳೆಗೆ ತಾಗಿಸದೆ, ಒಂದಿಂಚು ಮೇಲಿನಿಂದಲೇ ಶೆಡ್ಡಿನ ಬುಡದಿಂದ ಸೇತುವೆ ಹತ್ತಿದರು.

"ಇಪ್ಪತ್ತೆರಡು ವರ್ಷ ಆಯ್ತು ನಾನು ಅಲ್ಲಿ ಹತ್ತೋಕೆ ಶುರು ಮಾಡಿ," ಅಂದರು. "ಇಷ್ಟು ಲಕ್ಷಣವಾಗಿದೆ ಅಂತ ಗೊತ್ತೇ ಇರ್ಲಿಲ್ಲ. ಮೇಲಿದ್ದಾಗ ಬರೀ ಮುಂದಿನ ಉರುಳೆ ಕಾಣತ್ತೆ." ಬೆರಳು ಮುಕ್ಕಾಲು ದಾರಿಯಲ್ಲಿ ನಿಂತಿತು. "ಓಹೋ, ಇಲ್ಲಿ ರೇಲಿಂಗ್ ಬಂದುಬಿಟ್ಟಿದೆ!"

"ಹಾಕ್ತಾರಲ್ಲ ಭಾವ, ಅದಕ್ಕೇ..."

"ಅವರು ಹಾಕದೇ ಇದ್ರೇನಂತೆ, ಇಂಜಿನಿಯರಮ್ಮನೋರು ಹಾಕಿದಾರಲ್ಲ. ನಾಳೆಯಿಂದ ಇದನ್ನೇ ಹಿಡ್ಕೋತೀನಿ ಬಿಡು." ನಕ್ಕರು. ಅಕ್ಕನೂ ನಕ್ಕಳು. ನಾನೂ ನಕ್ಕೆ. ನಾಳೆ ಬ್ಲೇಡಿನಲ್ಲಿ ಕೆರೆದು ತೆಗೆದುಬಿಡಬೇಕು ಅಂದುಕೊಂಡೆ. ಮಾರನೆಯ ದಿನ ಹಾಳೆಯ ಪ್ರಿಂಟ್ ಕಟ್ಟು ಹಾಕಿಸಲು ಹೋಗಿತ್ತು, ಮ್ಯಾನೇಜರು ಎಲ್ಲರೆದುರು ನನ್ನ ಹೆಸರು ಹೇಳಿದರು, ನಾನು ಸುಮ್ಮನಾದೆ.

ಅದೇ ತಿಂಗಳ ಇಪ್ಪತ್ತಮೂರನೇ ತಾರೀಖು, ಬೆಳಗಿನ ಎರಡನೇ ಸುತ್ತಿನಲ್ಲಿ ಭಾವ ಬಿದ್ದರು. ಉರುಳೆಯೊಂದು ಕಿರುಗುಟ್ಟುತ್ತಿತ್ತು, ಬಗ್ಗಿ ಗ್ರೀಸ್ ಹಾಕಿ, ಎದ್ದು ಒಂದು ಹೆಜ್ಜೆ ಹಿಂದಿಟ್ಟರು. ಆರು ಮೀಟರು ಕೆಳಗಿನ ಶೆಡ್ಡಿನ ತಗಡಿನ ಮೇಲೆ ಬಿದ್ದು, ಅಲ್ಲಿಂದ ಜಾರಿ ನೆಲಕ್ಕೆ. ತಗಡು ಇಲ್ಲದಿದ್ದರೆ ಆಸ್ಪತ್ರೆಯ ಅಗತ್ಯವೇ ಬೀಳುತ್ತಿರಲಿಲ್ಲ. ಸೊಂಟದ ಮೂಳೆ, ಬಲಗಾಲು ಎರಡು ಕಡೆ.

ಇಪ್ಪತ್ತೈದಕ್ಕೆ ರೇಲಿಂಗ್ ಬಂತು. ಹದಿಮೂರು ತಿಂಗಳು ಸಿಗದಿದ್ದ ಬೆಸುಗೆಯವನು, ಕಬ್ಬಿಣ, ಬಣ್ಣ ಎಲ್ಲ ಎರಡು ದಿನದಲ್ಲಿ ಸಿಕ್ಕಿದವು. ಮನುಷ್ಯ ಬಿದ್ದರೆ ಏನೆಲ್ಲ ಎದ್ದು ನಿಲ್ಲುತ್ತದೆ ಅಂತ ನಾನು ನೋಡಿದೆ.

ಭಾವ ಇನ್ನೂ ಹಾಸಿಗೆಯಲ್ಲಿದ್ದಾಗಲೇ ಆರೋಪ ಪತ್ರ ಮನೆಗೆ ಬಂತು. ಅಕ್ಕನಿಗೆ ನಾನೇ ಓದಿ ಹೇಳಿದೆ. "ಸುರಕ್ಷತೆಗಾಗಿ ಅಳವಡಿಸಿದ್ದ ರೇಲಿಂಗನ್ನು ಬೇಕೆಂದೇ ದಾಟಿ, ಸೇತುವೆಯ ಅಂಚಿನಲ್ಲಿ ಕುಳಿತು ವಿಶ್ರಾಂತಿ ಪಡೆಯುತ್ತಿದ್ದಾಗ..." ಸಾಬೀತಾದರೆ ಕೆಲಸದಿಂದ ವಜಾ. ಇಪ್ಪತ್ತೆರಡು ವರ್ಷದ ಕೆಲಸಕ್ಕೆ ಕೊನೆಯ ಸಾಲು, ಸೋಮಾರಿ.

"ದಾಟೋಕೆ ಅಲ್ಲಿ ಏನಿತ್ತು?" ಅಂದಳು ಅಕ್ಕ. "ಹಗ್ಗ ಅಂತಿದ್ರಲ್ಲ ಇವರು?"

ನಾನು ಕೊನೆಯ ಪುಟ ತಿರುವಿದೆ. ದಾಖಲೆಗಳು: ಒಂದು, ಕಾರ್ಖಾನೆಯ ಪಕ್ಕನೋಟದ ನಕ್ಷೆ, ಸಹಿ ಮತ್ತು ತಾರೀಖು ಸಹಿತ. ಎರಡು ಅಂತ ಏನೂ ಇರಲಿಲ್ಲ.

ವಿಚಾರಣೆ ನಡೆದದ್ದು ಎರಡು ತಿಂಗಳ ಮೇಲೆ, ಮೀಟಿಂಗ್ ಹಾಲಿನಲ್ಲಿ. ವಿಚಾರಣಾಧಿಕಾರಿ ಹೊರಗಿನಿಂದ ಬಂದ ವಕೀಲರು, ಕನ್ನಡಕ ಹಣೆ ಮೇಲಿಟ್ಟುಕೊಂಡು ಕನ್ನಡಕ ಹುಡುಕುವಂಥ ಮನುಷ್ಯ. ಅವರ ಬೆನ್ನಿನ ಹಿಂದೆ, ಗಾಜಿನೊಳಗೆ, ನನ್ನ ಹಾಳೆ. ಭಾವ ಊರುಗೋಲುಗಳನ್ನು ಕುರ್ಚಿಗೆ ಒರಗಿಸಿ ಕೂತಿದ್ದರು. ಅವರ ಜೊತೆಗಾರರಿಬ್ಬರು ಬಂದು ರೇಲಿಂಗ್ ಇರಲಿಲ್ಲ ಅಂತ ಹೇಳಿ ಹೋಗಿದ್ದರು. "ಜೊತೆಗಾರರು ಮತ್ತಿನ್ನೇನು ಹೇಳ್ತಾರೆ?" ಅಂತ ಮ್ಯಾನೇಜರು ಅದನ್ನು ಅಲ್ಲಿಗೇ ಮುಗಿಸಿದ್ದರು. ಆಮೇಲೆ ನನ್ನನ್ನು ಕರೆದರು.

"ಈ ಸಹಿ ನಿಮ್ಮದೇನಾ?" ಅಂದರು ಅಧಿಕಾರಿ.

"ಹೌದು ಸಾರ್."

"ನಕ್ಷೆ ಸರಿಯಾಗಿದೆಯಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರು, "ಇಡೀ ಕಾರ್ಖಾನೇಲಿ ಅಷ್ಟು ಅಚ್ಚುಕಟ್ಟಾದ ಕೈ ಇನ್ನೊಂದಿಲ್ಲ ಸಾರ್," ಅಂದರು. "ಬಂದೋರೆಲ್ಲ ಇದರ ಮುಂದೆ ನಿಂತು ನೋಡಿ ಹೋಗ್ತಾರೆ."

ಹೊಗಳಿಕೆಯನ್ನು ಬಾಯಿಗೆ ತುರುಕಿದರೆ ಉಗುಳುವುದು ಎಷ್ಟು ಕಷ್ಟ ಅಂತ ನನಗೆ ಅವತ್ತು ಗೊತ್ತಾಯಿತು. ತಲೆ ಬಗ್ಗಿಸಿ ನಿಂತೆ. ಅಧಿಕಾರಿ ಏನೋ ಬರೆದುಕೊಂಡರು. ಮುಂದಿನದು ಗುರುವಾರ ಅಂದರು.

ಮನೆಗೆ ಬಂದಾಗ ಅಕ್ಕ ಹೊಸಿಲಲ್ಲೇ ಇದ್ದಳು. ಭಾವ ನನಗಿಂತ ಮುಂಚೆ ಬಂದು ಎಲ್ಲ ಹೇಳಿದ್ದರು ಅಂತ ಕಾಣುತ್ತದೆ.

"ಬಾರಮ್ಮ. ಅಚ್ಚುಕಟ್ಟಾದ ಕೈ. ಅದೇ ಕೈಯಲ್ಲಿ ಇವರ ಕುತ್ತಿಗೆಗೂ ಒಂದು ಗೆರೆ ಎಳೆದುಬಿಡು."

"ಅಕ್ಕಾ..."

"ಸುಮ್ನಿರೇ. ಎರಡು ತಿಂಗಳಿಂದ ಬೆಡ್‌ಪ್ಯಾನ್ ಹಿಡೀತಿದೀನಿ, ಅದಕ್ಕೆ ಬೇಜಾರಿಲ್ಲ ನನಗೆ. ಸೋಮಾರಿ ಅಂತ ಬರೆದಿದಾರಲ್ಲ, ಅದು! ಜ್ವರ ಬಂದ್ರೂ ರಜ ಹಾಕದ ಮನುಷ್ಯ. ಯಾಕೆ ಬರೆದೆ ಆ ಕಂಬಾನ? ಯಾರು ಕೇಳಿದ್ರು ನಿನ್ನ?"

"ಚೆಂದ ಕಾಣ್ಲಿ ಅಂತ," ಅಂದೆ.

ಅಕ್ಕ ನನ್ನನ್ನು ಹೊಸದಾಗಿ ನೋಡುವ ಹಾಗೆ ನೋಡಿದಳು. ಒಳಗಿನಿಂದ ಭಾವ, "ಬಿಡೇ ಅವಳನ್ನ, ನಾನೂ ನೋಡಿ ನಕ್ಕಿದ್ನಲ್ಲ," ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಬುಧವಾರ ಬೆಳಿಗ್ಗೆ ಕೋಣೆಗೆ ಹೋದವಳೇ ನಾಲ್ಕನೇ ಡ್ರಾಯರಿನಿಂದ ಮೂಲ ಹಾಳೆ ತೆಗೆದೆ. ಗೋಡೆಯ ಮೇಲಿದ್ದದ್ದು ಪ್ರಿಂಟ್, ವಕೀಲರ ಫೈಲಿನಲ್ಲಿದ್ದದ್ದೂ ಪ್ರಿಂಟ್. ಇಂಕಿನಲ್ಲಿ ಬರೆದ ಮೂಲ ಮಾತ್ರ ನಮ್ಮಲ್ಲಿ. ಪ್ರತಿ ಪ್ರಿಂಟಿನ ಕೆಳಗೂ ಕಾರ್ಖಾನೆಯೇ ಅಚ್ಚು ಹಾಕಿಸಿದ ಒಂದು ಸಾಲಿದೆ, ದಿನಾ ಕಣ್ಣಿಗೆ ಬಿದ್ದೂ ಯಾರೂ ಓದದ ಸಾಲು: ಮೂಲ ನಕ್ಷೆ ತಿದ್ದುಪಡಿಯಾದ ಕೂಡಲೇ ಹಳೆಯ ಪ್ರತಿಗಳು ರದ್ದಾಗುತ್ತವೆ, ನಕ್ಷೆ ಕೋಣೆಗೆ ಹಿಂತಿರುಗಿಸತಕ್ಕದ್ದು.

ಶೇವಿಂಗ್ ಬ್ಲೇಡನ್ನು ಎರಡು ತುಂಡು ಮಾಡಿ, ಒಂದನ್ನು ಬೆರಳುಗಳ ನಡುವೆ ಹಿಡಿದೆ. ಒಣಗಿದ ಇಂಕನ್ನು ಹಾಳೆ ಹರಿಯದ ಹಾಗೆ ಕೆರೆದು ತೆಗೆಯುವುದಕ್ಕೆ ನಮ್ಮಲ್ಲಿ ಅದೇ ಸಾಧನ.

ಅರೆಮಿಲ್ಲಿಯವರು ತಮ್ಮ ಮೇಜಿನಿಂದಲೇ ನೋಡಿದರು. "ಏನಮ್ಮ ಅದು?"

"ತಿದ್ದುಪಡಿ ಸಾರ್. ಸೇತುವೆ ರೇಲಿಂಗು."

"ಅಲ್ಲಿ ಈಗ ರೇಲಿಂಗ್ ಇದೆ."

"ಐದನೇ ತಾರೀಖು ಇರ್ಲಿಲ್ಲ. ಹಾಳೆ ಐದನೇ ತಾರೀಖಿಂದು. ನಾನು ನೋಡಿದ್ದೆ ಸಾರ್. ನೋಡಿದ ಮೇಲೂ ಬರೆದೆ."

ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ನಿವೃತ್ತಿಗೆ ಅವರಿಗೆ ಇನ್ನು ಹದಿನಾಲ್ಕು ತಿಂಗಳು. ಆ ಹಾಳೆಯಲ್ಲಿ ಅವರ ಸಹಿಯೂ ಇತ್ತು. "ವಿಚಾರಣೆ ಮುಗೀಲಿ," ಅಂದರು. "ಆಮೇಲೆ ತಿದ್ದು. ಈಗ ಕೈ ಹಾಕಿದ್ರೆ ಇಬ್ಬರದೂ ಹೋಗತ್ತೆ."

"ಆಮೇಲೆ ತಿದ್ದಿದ್ರೆ ಯಾರಿಗೆ ಬೇಕು ಸಾರ್?"

ಅವರು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ ಕೂತರು. ನಾನು ಮೊದಲ ಕಂಬಕ್ಕೆ ಬ್ಲೇಡ್ ತಾಗಿಸಿದೆ. ಎಳೆಯುವಾಗ ಒಂದು ನಿಮಿಷ ಹಿಡಿದ ಕೆಲಸ, ತೆಗೆಯಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ನಾಲ್ಕನೇ ಕಂಬದ ಹೊತ್ತಿಗೆ ಬೆವರು ಹಾಳೆಗೆ ಬೀಳಬಾರದು ಅಂತ ಹಣೆಗೆ ಕರವಸ್ತ್ರ ಕಟ್ಟಿಕೊಂಡೆ. ಏಳನೆಯದನ್ನು ಕೆರೆಯುತ್ತಿದ್ದಾಗ ಬೆನ್ನ ಹಿಂದಿನಿಂದ ದನಿ ಬಂತು.

"ಉಗುರಿನ ಬೆನ್ನಲ್ಲಿ ಉಜ್ಜು. ಒರಟಾಗಿ ಬಿಟ್ರೆ ಪ್ರಿಂಟಲ್ಲಿ ಕಲೆ ಬರತ್ತೆ. ಅಲ್ಲೇನೋ ಇತ್ತು, ತೆಗೆದಿದಾರೆ ಅಂತ ಕಾಣ್ಬೇಕು, ಗಲೀಜು ಅಂತ ಕಾಣ್ಬಾರದು."

ಅರೆಮಿಲ್ಲಿಯವರು ಕಿಟಕಿ ಬಿಟ್ಟು ಎದ್ದು ಬಂದಿದ್ದರು. ನಾನು ಉಜ್ಜಿದೆ. ಖಾಲಿ ಜಾಗದ ಪಕ್ಕ ಸಣ್ಣ ತ್ರಿಕೋನ ಹಾಕಿ ಒಳಗೆ 'ಎ' ಬರೆದೆ. ಮೂಲೆಯ ಚೌಕದಲ್ಲಿ: 'ತಿದ್ದುಪಡಿ ಎ. ಹತ್ತು ಮೀಟರ್ ರೇಲಿಂಗ್, ಒಂಬತ್ತು ಕಂಬ, ಮೇಲ್ಕಂಡ ತಾರೀಖಿನಲ್ಲಿ ಸ್ಥಳದಲ್ಲಿ ಇರಲಿಲ್ಲ. ಹಿಂದಿನ ನಕ್ಷೆ ತಪ್ಪು. ಇದೇ ತಿಂಗಳ 25ರಂದು ಹೊಸದಾಗಿ ಹಾಕಲಾಗಿದೆ.' ಸಹಿ ಮಾಡಿದೆ. ಅರೆಮಿಲ್ಲಿಯವರು ಓದಿದರು. "ಇದೇ ತಿಂಗಳು ಅಲ್ಲ, ಆಗಿನ ತಿಂಗಳು," ಅಂತ ಒಂದು ಪದ ತಿದ್ದಿಸಿದರು. ಆಮೇಲೆ ಪೆನ್ನಿನ ಟೋಪಿ ತೆಗೆದು ತಮ್ಮ ಸಹಿಯನ್ನೂ ಹಾಕಿದರು. ಇಡೀ ಹಾಳೆಯಲ್ಲಿ ನೆಟ್ಟಗಿಲ್ಲದ ಗೆರೆ ಅದೊಂದೇ.

ಅಮೋನಿಯಾ ಯಂತ್ರದಲ್ಲಿ ಹದಿನಾಲ್ಕು ಪ್ರಿಂಟ್ ತೆಗೆದೆವು. ಕಣ್ಣು ಉರಿದು ಇಬ್ಬರಿಗೂ ನೀರು ಬಂತು, ಅಮೋನಿಯಾದಲ್ಲಿ ಎಲ್ಲರಿಗೂ ಬರುತ್ತದೆ. ನಕ್ಷೆ ತಿದ್ದುಪಡಿಯಾದರೆ ಹದಿಮೂರು ವಿಭಾಗಕ್ಕೂ ಹೊಸ ಪ್ರತಿ ಹೋಗಬೇಕು, ಮುಟ್ಟಿತು ಅಂತ ರಿಜಿಸ್ಟರಿನಲ್ಲಿ ಸಹಿ ಬರಬೇಕು, ಹಳೆಯದು ವಾಪಸಾಗಬೇಕು. ಹದಿನಾಲ್ಕನೆಯದು ವಿಚಾರಣೆಯ ಫೈಲಿಗೆ. ನಮ್ಮ ಜವಾನಣ್ಣ ಅವನ್ನೆಲ್ಲ ಕಂಕುಳಲ್ಲಿ ಇಟ್ಟುಕೊಂಡ.

"ಮೊದಲು ಮ್ಯಾನೇಜರ್ ಸಾಹೇಬ್ರ ಹತ್ರ ಹೋಗ್ಲಾ, ಕೊನೇಲಾ?" ಅಂತ ಕೇಳಿದ. ಮೂವತ್ತು ವರ್ಷದ ಸರ್ವೀಸು, ಕಣ್ಣಲ್ಲೇ ಅಳೆದಿದ್ದ.

"ಕೊನೇಲಿ ಹೋಗಣ್ಣ. ಊಟಕ್ಕೆ ಏಳೋ ಹೊತ್ತಿಗೆ."

ಊಟಕ್ಕೆ ಏಳುವ ಹೊತ್ತಿನಲ್ಲಿ ಯಾರೂ ನಕ್ಷೆ ಬಿಚ್ಚಿ ನೋಡುವುದಿಲ್ಲ. ಎರಡು ಗಂಟೆಗೆ ರಿಜಿಸ್ಟರ್ ವಾಪಸು ಬಂತು, ಹದಿಮೂರು ಸಹಿ. ಹದಿಮೂರನೆಯದು ಅವರದೇ, ದೊಡ್ಡದಾಗಿ, ಕೆಳಗೆ ಎರಡು ಗೆರೆ ಎಳೆದು.

ಗುರುವಾರ ಭಾವ ನನ್ನ ಕಡೆ ನೋಡದೆ ಕೂತಿದ್ದರು. ಅವರಿಗೆ ನಾನು ಏನೂ ಹೇಳಿರಲಿಲ್ಲ. ವಿಚಾರಣಾಧಿಕಾರಿ ಫೈಲು ಬಿಚ್ಚಿ ಹೊಸ ಹಾಳೆ ನೋಡಿದರು, ಹಿಂದೆ ತಿರುಗಿ ಗೋಡೆ ನೋಡಿದರು, ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿದರು.

"ಇದೇನಿದು, ಎರಡು ನಕ್ಷೆ?"

"ಒಂದೇ ಸಾರ್," ಅಂದೆ. "ಗೋಡೆ ಮೇಲಿರೋದು ರದ್ದಾಗಿದೆ. ಅದರ ಕೆಳಗೇ ಬರೆದಿದೆ, ಓದಿ."

ಮ್ಯಾನೇಜರು ಎದ್ದು ನಿಂತರು. "ಇದು ಆಮೇಲೆ ಮಾಡಿದ್ದು! ಬಿದ್ದೋನು ಇವರ ಭಾವ ಸಾರ್!"

"ಹೌದು, ನನ್ನ ಭಾವ. ಸುಳ್ಳು ನಕ್ಷೆ ಬರೆದಾಗಲೂ ಭಾವಾನೇ ಆಗಿದ್ರು. ಆಗ ಯಾರೂ ಕೇಳ್ಲಿಲ್ಲ."

"ರೇಲಿಂಗ್ ಅಲ್ಲೇ ಇದೆ, ಯಾರು ಬೇಕಾದ್ರೂ ಹೋಗಿ ನೋಡಬಹುದು!"

"ಹೋಗಿ ನೋಡಿ ಸಾರ್," ಅಂತ ನಾನು ಅಧಿಕಾರಿಗೆ ಹೇಳಿದೆ. "ಉಳಿದ ಕಂಬ ಎಲ್ಲ ದುಂಡು ಪೈಪು. ಆ ಒಂಬತ್ತು ಮಾತ್ರ ಎಲ್ ಆಕಾರದ ಪಟ್ಟಿ. ಬಣ್ಣ ಒಂದೇ ಹಾಕಿದಾರೆ, ಕೈಯಲ್ಲಿ ಹಿಡಿದ್ರೆ ಗೊತ್ತಾಗತ್ತೆ. ಹಳೇ ಒಂಬತ್ತು ಶೆಡ್ಡಿನ ಹಿಂದೆ ತುಕ್ಕು ಹಿಡಿದು ಬಿದ್ದಿವೆ. ಎಣಿಸಬಹುದು."

"ಮ್ಯಾನೇಜರೇ, ಈ ಪ್ರತಿ ನಿಮಗೂ ಬಂದಿದೆಯಾ?" ಅಂತ ಅಧಿಕಾರಿ ಕೇಳಿದರು.

ನಾನು ರಿಜಿಸ್ಟರನ್ನು ಮೇಜಿನ ಮೇಲಿಟ್ಟು ಹದಿಮೂರನೇ ಸಾಲಿಗೆ ತಿರುಗಿಸಿದೆ. ಮ್ಯಾನೇಜರು ತಮ್ಮ ಸಹಿಯನ್ನೇ ಯಾರದೋ ಸಹಿಯ ಹಾಗೆ ನೋಡಿದರು.

ವಕೀಲರು ಸೇತುವೆ ಹತ್ತಿದರು. ನಲವತ್ತು ನಿಮಿಷ ಬಿಟ್ಟು ವಾಪಸು ಬಂದಾಗ ಅವರ ಹುಬ್ಬೂ ಬೂದಿಯಾಗಿತ್ತು. "ಎಷ್ಟು ಎತ್ತರ ಇದೆ ಮಾರಾಯರೇ ಅದು," ಅಂತ ಭಾವನನ್ನು ಕೇಳಿದರು, ಅವರನ್ನು ಅವತ್ತು ಮೊದಲ ಸಲ ಮಾತಾಡಿಸುತ್ತಾ.

ವರದಿಯಲ್ಲಿ ಕಾರ್ಖಾನೆಯದು ತಪ್ಪು ಅಂತ ಎಲ್ಲೂ ಬರೆಯಲಿಲ್ಲ. ಅಷ್ಟು ದೊಡ್ಡ ಆಸೆ ನಮಗೂ ಇರಲಿಲ್ಲ. 'ದಾಟಲು ರೇಲಿಂಗ್ ಇರಲಿಲ್ಲವಾದ್ದರಿಂದ ದಾಟಿದ ಆರೋಪ ನಿಲ್ಲುವುದಿಲ್ಲ' ಅಂತ ಒಂದು ಸಾಲು. ಭಾವನ ಕೆಲಸ ಉಳಿಯಿತು. ಕಾಲು ಕೂಡಿದ ಮೇಲೆ ಸ್ಟೋರಿನಲ್ಲಿ ಕೂತು ಮಾಡುವ ಕೆಲಸ. ಸೋಮಾರಿ ಅನ್ನುವ ಮಾತು ಫೈಲಿನಿಂದ ಹೋಯಿತು. ಅಕ್ಕ ಆ ಸಾಲನ್ನು ನನ್ನಿಂದ ಮೂರು ಸಲ ಓದಿಸಿದಳು.

ಸುಳ್ಳು ನಕ್ಷೆಗೆ ಸಹಿ ಹಾಕಿದ್ದಕ್ಕೆ ನನಗೆ ಮೆಮೊ ಬಂತು. ಅದು ನ್ಯಾಯವೇ. ನನ್ನನ್ನು ಮೇಜಿನಿಂದ ಎಬ್ಬಿಸಿ ಅಮೋನಿಯಾ ಯಂತ್ರದ ಮುಂದೆ ನಿಲ್ಲಿಸಿದರು. ಅರೆಮಿಲ್ಲಿಯವರಿಗೂ ಒಂದು ಮೆಮೊ. ಮೀಟಿಂಗ್ ಹಾಲಿನ ಪ್ರತಿ ಮಾತ್ರ ಇವತ್ತಿಗೂ ವಾಪಸು ಬಂದಿಲ್ಲ. ಬಂದವರು ಅದರ ಮುಂದೆ ನಿಂತು ನೋಡಿ ಹೋಗುತ್ತಾರೆ. ರಿಜಿಸ್ಟರಿನಲ್ಲಿ ಅದರ ಎದುರು 'ಹಿಂತಿರುಗಿಸಿಲ್ಲ' ಅಂತ ಪ್ರತಿ ತಿಂಗಳು ನಾನು ಬರೆಯುತ್ತೇನೆ.

ಯಂತ್ರ ಕೈಯಲ್ಲಿದ್ದದ್ದರಿಂದ ಒಂದು ಅನುಕೂಲವಾಯಿತು. ಓರೆಯಾಗಿ ಬಂದು ಎಸೆಯಬೇಕಿದ್ದ ತಿದ್ದಿದ ಹಾಳೆಯ ಒಂದು ಪ್ರತಿಯನ್ನು ಮನೆಗೆ ತಂದೆ. ಮಂಚದ ಪಕ್ಕದ ಗೋಡೆಗೆ ಅಂಟಿಸಿದೆ. ಭಾವ ಮಲಗಿದ್ದಲ್ಲಿಂದಲೇ ಬಹಳ ಹೊತ್ತು ನೋಡಿದರು. ಕೊಳವೆಯ ಇಳಿಜಾರು ಹಾಗೇ ಇತ್ತು, ಚಿಮಣಿ ಹಾಗೇ ಏರುತ್ತಿತ್ತು, ಸಣ್ಣ ಹೊಲಿಗೆ ಮುಕ್ಕಾಲು ದಾರಿಯಲ್ಲಿ ಬಿಟ್ಟು ಮತ್ತೆ ಶುರುವಾಗುತ್ತಿತ್ತು. ಈ ಸಲ ನನ್ನ ಕಣ್ಣು ಅಲ್ಲಿ ಎಡವಲಿಲ್ಲ, ನಿಂತಿತು. ಹಾಳೆ ಮೊದಲಿಗಿಂತ ಚೆಂದವಾಗಿದೆ ಅನ್ನಿಸಿತು. ಅಕ್ಕ ಇದ್ದಳು, ಆದ್ದರಿಂದ ಬಾಯಿ ಬಿಟ್ಟು ಹೇಳಲಿಲ್ಲ.

"ಇಲ್ಲಿ ನೋಡು," ಅಂದರು ಭಾವ, ಊರುಗೋಲಿನ ತುದಿಯಿಂದ ಸೈಲೋ ತೋರಿಸುತ್ತಾ. "ಈ ಏಣಿಗೆ ಹದಿನೆಂಟು ಮೆಟ್ಟಿಲು ಬರೆದಿದ್ದೀಯ."

"ಹದಿನೆಂಟೇ ಅಲ್ವಾ ಭಾವ? ನಾನು ಕೆಳಗಿಂದ ಎಣಿಸಿದ್ದೆ."

"ಕೆಳಗಿಂದ ಎಣಿಸಿದ್ರೆ ಹದಿನೆಂಟು. ಹತ್ತಿದ್ರೆ ಹದಿನಾರು. ಐದನೇದು, ಹನ್ನೊಂದನೇದು ಒಂದು ಕಡೆ ಕಿತ್ತು ಬಂದಿದೆ, ಕಾಲಿಟ್ರೆ ತಿರುಗತ್ತೆ. ಆಮೇಲೆ ಶೆಡ್ಡಿನ ಹಿಂದಿನ ಬಾಗಿಲು, ಅದಕ್ಕೆ ಹೊರಗಿಂದ ಬೀಗ ಹಾಕಿ ನಾಲ್ಕು ವರ್ಷ ಆಯ್ತು. ಬೆಂಕಿ ಬಿದ್ರೆ ಎಲ್ಲಿಂದ ಓಡ್ಬೇಕು?"

"ರೀ, ಮೊದಲು ಊಟ ಮಾಡಿ," ಅಂದಳು ಅಕ್ಕ.

"ಇರೇ. ಕೆಂಪು ಪೆನ್ಸಿಲ್ ಇದ್ಯಾ ಮನೇಲಿ?"

ಅಕ್ಕ ಗೊಣಗುತ್ತಾ ಹೋಗಿ ಪೆನ್ಸಿಲ್ ತಂದಳು. ಮೊನೆ ಮುರಿದಿತ್ತು. ನಾನು ಚೀಲದಿಂದ ಬ್ಲೇಡಿನ ಉಳಿದ ಅರ್ಧ ತೆಗೆದುಕೊಂಡು ಮಂಚದ ಅಂಚಿನಲ್ಲಿ ಕೂತು ಅದನ್ನು ಹೆರೆಯತೊಡಗಿದೆ.